ಪ್ರಸಾರವಾಗದ ದೃಶ್ಯ

“ತಿದ್ದುಪಡಿ: ಕಳೆದ ಸಂಚಿಕೆಯ ‘ನೋಡುಗರ ಮಾತು’ ಅಂಕಣದಲ್ಲಿ ವಿವರಿಸಲಾಗಿದ್ದ ‘ಸೊಸೆಯ ಸಹಿ’ ಧಾರಾವಾಹಿಯ ಬಸ್ ನಿಲ್ದಾಣದ ದೃಶ್ಯ ಪ್ರಸಾರವಾಗಿಲ್ಲ. ತಪ್ಪಿಗೆ ವಿಷಾದಿಸುತ್ತೇವೆ.”

ಹತ್ತು ವರ್ಷಗಳ ಪತ್ರಿಕಾ ಕೆಲಸದಲ್ಲಿ ನಾನು ಬರೆದ ಅತ್ಯಂತ ನಿಖರವಾದ ಎರಡು ವಾಕ್ಯಗಳು ಇವು. ಒಂದಕ್ಷರವೂ ಸುಳ್ಳಲ್ಲ. ಈ ಎರಡು ವಾಕ್ಯಗಳಿಂದಲೇ ನಾನು ವಿದ್ಯಾಶ್ರೀಯನ್ನು ಕಳೆದುಕೊಳ್ಳುವುದರಲ್ಲಿದ್ದೆ.

ನಮ್ಮ ವಾರಪತ್ರಿಕೆಯ ಹೆಸರು ‘ಸಮೀಪ’. ಕಚೇರಿ ಕಡೂರಿನಲ್ಲಿ. ಅಚ್ಚಾಗುವುದು ಪ್ರತಿ ಗುರುವಾರ ತರೀಕೆರೆಯ ಒಂದು ಪ್ರೆಸ್ಸಿನಲ್ಲಿ. ಸಂಪಾದಕರು ಹನುಮಂತಯ್ಯನವರು. ಉಪಸಂಪಾದಕ, ಕರಡು ತಿದ್ದುವವ, ನಿಧನವಾರ್ತೆ ಬರೆಯುವವ, ಇವರೆಲ್ಲ ಒಬ್ಬನೇ. ಶಶಿಧರ ಎಂಬ ನಾನು. ಕಳೆದ ಮೇ ತಿಂಗಳಲ್ಲಿ ನಾಲ್ಕನೇ ಪುಟದ ಮೂಲೆಯೊಂದು ಖಾಲಿ ಬಿದ್ದಾಗ ಹನುಮಂತಯ್ಯನವರು, “ಹೊಸ ಸೀರಿಯಲ್ಲು, ಕಾಮಿಡಿ ಶೋ ಬಗ್ಗೆ ಜನಾನೇ ಬರೀಲಿ ಕಣಯ್ಯ, ಜನಾನೇ ಓದ್ತಾರೆ” ಎಂದರು. ನನಗೆ ಮನಸ್ಸಿರಲಿಲ್ಲ. ‘ನೋಡುಗರ ಮಾತು’ ಎಂಬ ಶೀರ್ಷಿಕೆ ಹಾಕಿ, ಪತ್ರವೇ ಬಾರದಿರಲಿ ಎಂದುಕೊಂಡೆ.

ಮೊದಲ ವಾರವೇ ಬಂತು. ರೂಲು ಹಾಕಿದ ಹಾಳೆಯ ಫೋಟೊ, ವಾಟ್ಸಾಪಿನಲ್ಲಿ. ದುಂಡನೆಯ ಅಕ್ಷರ.

“‘ಪಕ್ಕದ್ಮನೆ ಫ್ಯೂಸು’ ಎಂಬ ಹೊಸ ಹಾಸ್ಯ ಧಾರಾವಾಹಿಯನ್ನು ನಾವು ನೋಡಿದೆವು. ಒಬ್ಬ ದಪ್ಪಗಿದ್ದಾನೆ ಎಂಬುದನ್ನು ಬಿಟ್ಟರೆ ಇದರಲ್ಲಿ ಬೇರೆ ಜೋಕಿಲ್ಲ. ನಗುವಿನ ಸದ್ದನ್ನೂ ಅವರೇ ಹಾಕಿಕೊಂಡಿದ್ದಾರೆ. ಹಾಗಾದರೆ ನಮಗೇನು ಕೆಲಸ? ಆದರೆ ಅಜ್ಜಿಯ ಪಾತ್ರದವರು ಬಾಯಿ ಬಿಡದೆ ಬರೀ ಹುಬ್ಬಿನಲ್ಲಿ ನಗಿಸುತ್ತಾರೆ. ಅವರಿಗೆ ಸಂಭಾಷಣೆ ಕೊಡಬೇಡಿ, ಕೆಟ್ಟುಹೋದಾರು. – ವಿದ್ಯಾಶ್ರೀ, ಶಿವನಿ.”

ನಾನು ಎರಡು ಸಲ ಓದಿದೆ. ಒಂದು ಪದ ಮಾತ್ರ ತೆಗೆದು ಅಚ್ಚಿಗೆ ಕಳಿಸಿದೆ. ಶನಿವಾರ ಫೋನು ಬಂತು.

“ಸಾರ್, ಶಿವನಿಯಿಂದ ವಿದ್ಯಾಶ್ರೀ. ನನ್ನ ಪತ್ರದ ಕೊನೇಲಿ ‘ಥೂ’ ಅಂತ ಇತ್ತು. ಎಲ್ಲಿ ಹೋಯ್ತು?”

“ಸ್ಥಳದ ಅಭಾವ ಕಣ್ರೀ.”

“ಒಂದು ‘ಥೂ’ಗೂ ಜಾಗ ಇಲ್ವಾ ನಿಮ್ಮ ಪೇಪರಲ್ಲಿ?”

ಅವತ್ತು ನಾನು ನಕ್ಕದ್ದು ಪಕ್ಕದ ಕೋಣೆಯಲ್ಲಿದ್ದ ಹನುಮಂತಯ್ಯನವರಿಗೂ ಕೇಳಿಸಿತು. ಅಲ್ಲಿಂದ ಮುಂದೆ ಪ್ರತಿ ಶನಿವಾರ ಸಂಜೆ ಆರರ ಸುಮಾರಿಗೆ ಅವಳ ಕರೆ ಬರುತ್ತಿತ್ತು. ಬಂದಾಗಲೆಲ್ಲ ಜಗಳ. ಅವಳ ವಾಕ್ಯ ನಾನು ಕತ್ತರಿಸಿದ್ದಕ್ಕೆ, ನಾನು ಹಾಕಿದ ಅಲ್ಪವಿರಾಮಕ್ಕೆ, ಒಮ್ಮೆ ನಾನು ಏನನ್ನೂ ಮುಟ್ಟದೆ ಬಿಟ್ಟಿದ್ದಕ್ಕೂ. “ಓದಲೇ ಇಲ್ಲ ಅನ್ಸುತ್ತೆ ನೀವು” ಎಂದಳು.

ಮುಖ ನೋಡಿರಲಿಲ್ಲ. ವಾಟ್ಸಾಪಿನಲ್ಲಿ ಅವಳ ಚಿತ್ರದ ಜಾಗದಲ್ಲಿ ಒಂದು ಹುಂಜವಿತ್ತು. ಶಿವನಿಯಿಂದ ದಿನಾ ಅಜ್ಜಂಪುರಕ್ಕೆ ಬಂದು ಈರುಳ್ಳಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ, ಬಿ.ಎ. ಓದಿದ್ದಾಳೆ, ಮನೆಯಲ್ಲಿ ತಾಯಿ ಹಾಲಮ್ಮ ಇದ್ದಾರೆ, ಇಷ್ಟು ಗೊತ್ತಿತ್ತು.

“ಯಾವಾಗಲೂ ‘ನಾವು ನೋಡಿದೆವು’ ಅಂತ ಬರೀತೀರಲ್ಲ. ನಾವು ಅಂದ್ರೆ ಯಾರ್ಯಾರು?” ಎಂದು ಒಮ್ಮೆ ಕೇಳಿದೆ.

“ನಾನು, ಆಮೇಲೆ ನನ್ನ ದೊಡ್ಡಸ್ತಿಕೆ” ಎಂದಳು.

ಅಚ್ಚಾಗುವ ಯಾವ ಸಂಗತಿಯನ್ನೂ ಪರಿಶೀಲಿಸದೆ ಬಿಡುವವನಲ್ಲ ನಾನು. ಹಾಗಾಗಿ ಅವಳು ಬರೆದ ಧಾರಾವಾಹಿಗಳನ್ನೆಲ್ಲ ಫೋನಿನಲ್ಲಿ ನೋಡತೊಡಗಿದೆ. ಕೆಲಸಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಮಲಗುವಾಗಲೂ ನಾಯಕಿಯ ಮುಡಿಯ ಮಲ್ಲಿಗೆ ಬಾಡುವುದಿಲ್ಲ ಎಂದು ಅವಳು ಬರೆದ ಮೇಲೆ ನನಗೆ ಮಲ್ಲಿಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಖಳನಾಯಕಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳದಿದ್ದರೆ ಅರ್ಧ ಧಾರಾವಾಹಿಗಳಿಗೆ ಕಥೆಯೇ ಇಲ್ಲ, ಬಾಗಿಲಿಗೂ ಸಂಬಳ ಕೊಡಿ ಎಂದಾಗ ನಾನು ಎಣಿಸಿ ನೋಡಿದೆ. ಆ ವಾರ ಹನ್ನೊಂದು ಬಾಗಿಲು.

“ನೋಡ್ತಾ ಇದೀನಿ ಅಂದ್ರಲ್ಲ, ‘ಸೊಸೆಯ ಸಹಿ’ಯ ಗುರುವಾರದ ಕಂತಿಗೆ ಅತ್ರಾ?”

“ಇಲ್ಲ. ನಂಗೆ ನೆಗಡಿಯಾಗಿತ್ತು.”

“ಸೀರಿಯಲ್ ಟೈಮಿಗೆ ಸರಿಯಾಗಿ ಬರೋ ನೆಗಡಿ ಯಾವ್ದು ಸಾರ್ ಅದು?”

ಮೂವತ್ತೆರಡು ವರ್ಷ ನನ್ನ ಪಾಡಿಗೆ ನಾನಿದ್ದವನು. ಆ ಐದು ತಿಂಗಳಿಗಾಗಿ ಯಾರಿಗೆ ಕೃತಜ್ಞತೆ ಹೇಳಬೇಕೋ ಗೊತ್ತಿಲ್ಲ. ಖಾಲಿ ಬಿದ್ದ ಆ ಮೂಲೆಗೆ ಹೇಳಬಹುದೇನೋ.

ಅಕ್ಟೋಬರ್ ಮೊದಲ ವಾರ ಬಂದ ಪತ್ರ ಎಂದಿನಂತಿರಲಿಲ್ಲ. ಅದರಲ್ಲಿ ಕೊಂಕಿರಲಿಲ್ಲ. “‘ಸೊಸೆಯ ಸಹಿ’ಯಲ್ಲಿ ಸೊಸೆ ಪರೀಕ್ಷೆಗೆ ಹೊರಟಾಗ, ಬೇಡ ಎಂದು ಹಟ ಹಿಡಿದಿದ್ದ ಅತ್ತೆ ತಾನೇ ಬುತ್ತಿ ಡಬ್ಬಿ ಹಿಡಿದು ಬಸ್ ನಿಲ್ದಾಣದವರೆಗೆ ಹೋಗುತ್ತಾಳೆ. ಬಸ್ಸು ಹೊರಟ ಮೇಲೆ ಕಿಟಕಿಯಲ್ಲಿ ಡಬ್ಬಿ ಕೊಡುತ್ತಾಳೆ. ಮಾತಿಲ್ಲ. ಇಷ್ಟು ಚೆಂದದ ದೃಶ್ಯವನ್ನು ನಾವು ಈ ವರ್ಷ ಬೇರೆಲ್ಲೂ ನೋಡಿಲ್ಲ.”

ಅದು ಬುಧವಾರ ಬಂದದ್ದರಿಂದ ಪರಿಶೀಲಿಸಲು ಸಮಯವಿರಲಿಲ್ಲ. ಅಚ್ಚಾಯಿತು. ಭಾನುವಾರ ಕೂತು ಆ ವಾರದ, ಅದರ ಹಿಂದಿನ ವಾರದ ಕಂತುಗಳನ್ನೆಲ್ಲ ನೋಡಿದೆ. ಬಸ್ ನಿಲ್ದಾಣವೇ ಇರಲಿಲ್ಲ. ಅತ್ತೆ ಸೊಸೆಯ ಹಾಲ್ ಟಿಕೆಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು, ಅಷ್ಟೇ. ಸೋಮವಾರವೂ ಮಂಗಳವಾರವೂ ಅವಳಿಗೆ ಫೋನು ಮಾಡಿದೆ. ತೆಗೆಯಲಿಲ್ಲ, ಕೆಲಸದ ಹೊತ್ತಿನಲ್ಲಿ ಫೋನು ಚೀಲದಲ್ಲಿರುತ್ತದೆ ಎಂದು ಅವಳೇ ಹೇಳಿದ್ದಳು. ಸಂಜೆ ಮಾಡಬಹುದಿತ್ತು. ಮಾಡಲಿಲ್ಲ. ತಪ್ಪು ತಪ್ಪೇ ಎಂದು ಆ ಎರಡು ವಾಕ್ಯ ಬರೆದು ತರೀಕೆರೆಗೆ ಕಳಿಸಿಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಒಂದು ಸಂದೇಶ ಬಂತು. “ಶಶಿಧರ ಸಾರ್, ಇನ್ಮೇಲೆ ನನ್ನ ಪತ್ರ ಬರೋದಿಲ್ಲ. ಇಷ್ಟು ದಿನ ಹಾಕಿದ್ದಕ್ಕೆ ಥ್ಯಾಂಕ್ಸ್.”

ಶನಿವಾರ ಆರು ಗಂಟೆಯಾಯಿತು. ಏಳಾಯಿತು. ನಾನು ಫೋನನ್ನು ಮೇಜಿನ ಮೇಲಿಟ್ಟು ಒಂದು ನಿಧನವಾರ್ತೆಯನ್ನು ನಾಲ್ಕು ಸಲ ತಿದ್ದಿದೆ. ಹನುಮಂತಯ್ಯನವರು ಬಾಗಿಲಲ್ಲಿ ನಿಂತು ನೋಡಿದರು.

“ಏನಯ್ಯಾ, ತೀರಿಕೊಂಡೋರು ನಿಮ್ಮ ಕಡೆಯವರಾ?”

“ಇಲ್ಲ ಸಾರ್.”

“ಮತ್ತೆ ಮುಖ ಯಾಕೆ ಹಂಗೈತೆ? ಆ ಶಿವನಿ ಹುಡುಗಿ ಫೋನ್ ಮಾಡ್ಲಿಲ್ವಾ?”

ನಾನು ತಿದ್ದುಪಡಿಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಹಾಕಿದ್ದು ಸರಿ. ಆದ್ರೆ ಇಷ್ಟು ದಿನ ಒಂದು ತಪ್ಪೂ ಮಾಡದೋಳು ಇಂಥಾ ತಪ್ಪು ಯಾಕೆ ಮಾಡಿದ್ಲು ಅಂತ ಕೇಳಿದ್ಯಾ? ವರದಿಗಾರ ಕೇಳಬೇಕಾದ ಪ್ರಶ್ನೆ ಅಲ್ವೇನೋ ಅದು?”

ಸೋಮವಾರ ಬೆಳಿಗ್ಗೆ ಬೀರೂರಿನಲ್ಲಿ ಬಸ್ಸು ಬದಲಿಸಿ ಅಜ್ಜಂಪುರದಲ್ಲಿ ಇಳಿದೆ. ಈರುಳ್ಳಿಯ ಕಾಲ. ಶೆಡ್ಡು ಹುಡುಕಲು ಯಾರನ್ನೂ ಕೇಳಬೇಕಾಗಲಿಲ್ಲ. ವಾಸನೆಯೇ ಕರೆದುಕೊಂಡು ಹೋಯಿತು. ತಗಡಿನ ಮಾಡಿನ ಕೆಳಗೆ ಗುಡ್ಡೆ ಗುಡ್ಡೆ ಈರುಳ್ಳಿ. ಸುತ್ತಲೂ ಹದಿನಾಲ್ಕು ಹೆಂಗಸರು ಕೂತು ಒಣಗಿದ ಸೊಪ್ಪು, ಬೇರು ಕೊಯ್ದು, ದಪ್ಪ, ಮಧ್ಯಮ, ಸಣ್ಣ ಎಂದು ಬೇರೆ ಮಾಡುತ್ತಿದ್ದರು. ನನ್ನನ್ನು ಕಂಡು ಕೈಗಳು ನಿಂತವು.

“ಯಾರಪ್ಪ ನೀನು?” ಎಂದರು ಹತ್ತಿರದಲ್ಲಿದ್ದ ಹಿರಿಯ ಹೆಂಗಸು.

“ಕಡೂರಿನ ‘ಸಮೀಪ’ ಪೇಪರಿನಿಂದ ಬಂದಿದೀನಿ. ಶಶಿಧರ ಅಂತ. ವಿದ್ಯಾಶ್ರೀಯವರನ್ನ ನೋಡಬೇಕಿತ್ತು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬರು ಕಿಸಕ್ಕನೆ ನಕ್ಕರು.

“ಓ, ಇವನೇನಾ ಅವನು! ತಿದ್ದುಪಡಿ!”

“ಯಾರು ವಿದ್ಯಾಶ್ರೀ ಅಂತ ನೀನೇ ಗುರ್ತು ಹಿಡಿ ನೋಡಾನ” ಎಂದರು ಹಿರಿಯ ಹೆಂಗಸು. “ಅಷ್ಟು ಚೆನ್ನಾಗಿ ನಿಜ ಕಂಡುಹಿಡೀತೀಯಲ್ಲ.”

ಧ್ವನಿ ಕೇಳಿದ್ದರೆ ಒಂದು ಕ್ಷಣದ ಕೆಲಸ. ಆದರೆ ಯಾರೂ ಬಾಯಿ ಬಿಡಲಿಲ್ಲ. ನಾನು ಒಂದೊಂದೇ ಮುಖ ನೋಡುತ್ತಾ ಬಂದೆ. ಹದಿಮೂರು ಜನ ನನ್ನನ್ನು ನೋಡುತ್ತಿದ್ದರು. ಕಂಬದ ಪಕ್ಕದಲ್ಲಿ ನೀಲಿ ಚೂಡಿದಾರದ ಮೇಲೆ ಗಂಡಸರ ಹಳೇ ಅಂಗಿ ತೊಟ್ಟ ಒಬ್ಬಳು ಮಾತ್ರ ಕೈಯಲ್ಲಿದ್ದ ಈರುಳ್ಳಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ಅದರ ಬೇರನ್ನು ಎಂದೋ ಕೊಯ್ದಾಗಿತ್ತು. ಹಣೆಯ ಮೇಲೆ ಈರುಳ್ಳಿಯ ಕೆಂಪು ಸಿಪ್ಪೆಯೊಂದು ಅಂಟಿಕೊಂಡಿತ್ತು.

ನಾನು ಹೋಗಿ ಅವಳೆದುರು ನಿಂತೆ.

“ತಿದ್ದುಪಡಿ ವಾಪಸ್ ತಗೊಳ್ಳೋಕಾಗಲ್ಲ ವಿದ್ಯಾಶ್ರೀಯವರೇ. ಅದು ನಿಜ.”

ಅವಳು ತಲೆಯೆತ್ತಿದಳು. ಕಣ್ಣುಗಳು ಕೆಂಪಾಗಿದ್ದವು. ಈ ಶೆಡ್ಡಿನಲ್ಲಿ ಎಲ್ಲರ ಕಣ್ಣೂ ಕೆಂಪು, ಅದರಿಂದ ಏನನ್ನೂ ತೀರ್ಮಾನಿಸುವಂತಿರಲಿಲ್ಲ.

“ಇದನ್ನ ಹೇಳೋಕೆ ಕಡೂರಿಂದ ಬಂದ್ರಾ?”

ಐದು ತಿಂಗಳ ಧ್ವನಿಗೆ ಮುಖ ಸಿಕ್ಕಿತು. ಹುಂಜಕ್ಕೂ ಅದಕ್ಕೂ ಏನೇನೂ ಹೋಲಿಕೆಯಿರಲಿಲ್ಲ.

“ಇಲ್ಲ, ಕೇಳೋಕೆ ಬಂದೆ. ಆ ದೃಶ್ಯ ಯಾಕೆ ಬರೆದ್ರಿ?”

ಉತ್ತರ ಬಂದದ್ದು ಹಿರಿಯ ಹೆಂಗಸಿನಿಂದ. ಅವರ ಹೆಸರು ಓಬಮ್ಮ.

“ಅವಳನ್ನ ಯಾಕೆ ಕೇಳ್ತೀಯ, ನನ್ನ ಕೇಳು. ನಾವು ರಾತ್ರಿ ಮುದ್ದೆ ತಿರುವೋ ಹೊತ್ತಿಗೆ ಸೀರಿಯಲ್ ಬತ್ತದೆ. ಟಿವಿ ಮುಂದೆ ಗಂಡಸ್ರು ಕೂತಿರ್ತಾರೆ, ಕ್ರಿಕೆಟ್ಟು. ನಮಗೆ ನೋಡೋಕೆ ಎಲ್ಲಿ ಆಯ್ತದೆ? ಇವಳು ನೋಡ್ಕೊಂಬಂದು ಮಾರನೇ ದಿನ ಇಲ್ಲಿ ಹೇಳ್ತಾಳೆ. ಹೇಳ್ತಾ ಹೇಳ್ತಾ ನಾವು ಒಬ್ಬೊಬ್ರು ಒಂದೊಂದು ಮಾತು ಅಂತೀವಿ. ಅದನ್ನೇ ಬರೆದು ನಿಮ್ಮ ಪೇಪರ್‌ಗೆ ಕಳಿಸ್ತಿದ್ಲು.”

“ಬಾಗಿಲಿಗೂ ಸಂಬಳ ಕೊಡಿ ಅಂದಿದ್ದು ನಾನೇ” ಎಂದರು ಕಿಸಕ್ಕನೆ ನಕ್ಕಿದ್ದ ಹೆಂಗಸು, ಈಶ್ವರಮ್ಮ.

‘ನಾವು’ ಎಂದರೆ ಯಾರು ಎಂದು ಆಗ ನನಗೆ ಗೊತ್ತಾಯಿತು.

ಓಬಮ್ಮ ಮುಂದುವರಿಸಿದರು. “ನನ್ನ ಸೊಸೆ ಅಕ್ಷತಾ ತರೀಕೆರೇಲಿ ಡಿಗ್ರಿ ಪರೀಕ್ಷೆ ಬರೀತೀನಿ ಅಂತಿದ್ಲು. ಮದುವೆ ಆದ್ಮೇಲೆ ಎಂಥ ಓದು ಅಂತ ನಾನು ಬೇಡ ಅಂದಿದ್ದೆ. ಇವಳು ಒಂದಿನ ಹೇಳಿದ್ಲು, ಸೀರಿಯಲ್ ಅತ್ತೆ ಬುತ್ತಿ ತಗೊಂಡು ಬಸ್ ಸ್ಟ್ಯಾಂಡಿಗೆ ಹೋದ್ಲು ಅಂತ. ಅಂಥಾ ಹೊಟ್ಟೆಕಿಚ್ಚಿನ ಹೆಂಗಸೇ ಹೋಗ್ಯವ್ಳೆ, ನಾನೇನು ಅವಳಿಗಿಂತ ಕಡೇನಾ ಅನ್ನಿಸ್ತು. ಮಾರನೇ ದಿನ ಚಿತ್ರಾನ್ನ ಕಟ್ಕೊಂಡು ನಾನೂ ಹೋದೆ. ಬಸ್ಸು ಹೊರಟುಬಿಟ್ಟಿತ್ತು, ಓಡಿ ಕಿಟಕೀಲಿ ಕೊಟ್ಟೆ. ನೀನು ನೋಡಿದ್ರೆ ಅಂಥದ್ದೇನೂ ಆಗಿಲ್ಲ ಅಂತ ಪೇಪರಲ್ಲಿ ಹಾಕಿದ್ಯ.”

“ಪ್ರಸಾರವಾಗಿಲ್ಲ ಅಂತ ಅಮ್ಮ...”

“ಅದೆಲ್ಲ ನಂಗೊತ್ತಿಲ್ಲ. ಓಡಿದ್ದು ನನ್ನ ಕಾಲು. ಆಗೈತೆ.”

ನಾನು ವಿದ್ಯಾಶ್ರೀಯತ್ತ ನೋಡಿದೆ. ಅವಳು ಮೆಲ್ಲಗೆ ಹೇಳಿದಳು.

“ಓಬಮ್ಮತ್ತೆ ಹೋಗಿಬಂದ ಮೇಲೆ ಆ ವಾರ ಎಲ್ರೂ ಅದನ್ನೇ ಬರಿ ಅಂದ್ರು. ಅದು ಬಿಟ್ಟು ಬೇರೆ ಏನು ಬರೀಲಿ? ಅಕ್ಷತಾಗೋಸ್ಕರ ನಾನೇ ಸೇರಿಸಿದ್ದು ಅಂತ ಹೇಳೋಕೆ ನಾಲಿಗೆ ಬರಲಿಲ್ಲ. ಶುಕ್ರವಾರ ಈಶ್ವರಮ್ಮಕ್ಕ ನಿಮ್ಮ ಪೇಪರ್ ಇಲ್ಲೇ ಜೋರಾಗಿ ಓದಿದ್ರು. ಹದಿಮೂರು ಜನರ ಮುಂದೆ ಸುಳ್ಳಿ ಆದೆ. ನೀವು ಒಂದು ಮಾತು ನನ್ನ ಕೇಳಿದ್ರೆ ನಾನೇ ಅವರಿಗೆ ಹೇಳ್ತಿದ್ದೆ. ಪೇಪರ್ ಹೇಳೋದು ಬೇಕಿರ್ಲಿಲ್ಲ.”

“ಕೇಳಬೇಕಿತ್ತು” ಎಂದೆ.

“ನಾವ್ಯಾರೂ ಏನೂ ಅಂದಿಲ್ಲ ಇವಳಿಗೆ” ಎಂದರು ಈಶ್ವರಮ್ಮ. “ಆದ್ರೂ ಅವತ್ತಿಂದ ಬಾಯಿ ಹೊಲ್ಕೊಂಡು ಕೂತವ್ಳೆ. ಕಥೆ ಇಲ್ದೆ ಚೀಲ ತುಂಬೋದೇ ಇಲ್ಲ ಕಣಪ್ಪ. ನೀನೇ ಕೆಡಿಸಿದ್ದು, ನೀನೇ ಹೇಳು ಈಗ. ‘ಸೊಸೆಯ ಸಹಿ’ ಶುಕ್ರವಾರ ಏನಾಯ್ತು?”

“ನಾನಾ?”

“ನೋಡ್ತೀಯಂತಲ್ಲ, ನೆಗಡಿ ಹಚ್ಕೊಂಡು.”

ವಿದ್ಯಾಶ್ರೀ ಥಟ್ಟನೆ ತಲೆ ತಗ್ಗಿಸಿದಳು. ನಮ್ಮ ಶನಿವಾರದ ಮಾತುಗಳೂ ಇಲ್ಲಿಗೆ ಬಂದು ತಲುಪುತ್ತಿದ್ದವು ಎಂದಾಯಿತು. ಅವಳ ಕಿವಿ ಕೆಂಪಾದದ್ದಕ್ಕೆ ಈರುಳ್ಳಿ ಕಾರಣವಲ್ಲ ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಯಾರೋ ಒಂದು ಖಾಲಿ ಗೋಣಿ ಹಾಸಿದರು. ಕೂತೆ. ಕೈಗೆ ಒಂದು ಕುಡುಗೋಲು ಬಂತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

“ಶುಕ್ರವಾರದ ಕಂತಿನ ಅವಧಿ ಇಪ್ಪತ್ತೆರಡು ನಿಮಿಷ. ಮೊದಲ ಎರಡು ನಿಮಿಷ ಹಿಂದಿನ ಕಂತಿನ ಪುನರಾವರ್ತನೆ. ಆನಂತರ ಸದರಿ ಅತ್ತೆ ಅಡುಗೆ ಮನೆಗೆ ಪ್ರವೇಶಿಸುತ್ತಾರೆ...”

“ಅಯ್ಯಯ್ಯೋ” ಎಂದರು ಈಶ್ವರಮ್ಮ. “ಇವನು ಸೀರಿಯಲ್ ಹೇಳ್ತಾವ್ನೋ, ಪಂಚನಾಮೆ ಬರೀತಾವ್ನೋ!”

ಶೆಡ್ಡಿಗೆ ಶೆಡ್ಡೇ ನಕ್ಕಿತು. ವಿದ್ಯಾಶ್ರೀಯ ಭುಜ ಅಲುಗಿದ್ದು ಕಂಡಿತು; ಮುಖ ಕಾಣಲಿಲ್ಲ.

“ಅತ್ತೆ ಬ್ಯಾಡ, ನಂದೀಶನ ಕಥೆ ಹೇಳು” ಎಂದರು ಓಬಮ್ಮ. ನಂದೀಶ ಎಂದರೆ ಆ ಧಾರಾವಾಹಿಯಲ್ಲಿ ಬ್ಯಾಂಕಿನ ಗುಮಾಸ್ತ. ಮೇಘ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ, ಆದರೆ ಒಂದು ಸಲ ದುಡುಕಿ ಮಾತಾಡಿ ಅವಳನ್ನು ನೋಯಿಸಿದ್ದಾನೆ. “ಮೇಘನ ಮನೆಗೆ ಹೋಗ್ತೀನಿ ಅಂತ ಹೊರಟಿದ್ನಲ್ಲ, ಹೋದ್ನಾ?”

“ಹೋದ. ಬಾಗಿಲವರೆಗೆ ಹೋದ. ಕಾಲಿಂಗ್ ಬೆಲ್ ಹತ್ತಿರ ಕೈ ತಗೊಂಡು ಹೋದ. ಒತ್ತಲಿಲ್ಲ. ವಾಪಸ್ ಬಂದ.”

“ಅಷ್ಟೇನಾ?”

“ಅಷ್ಟೇ. ಆಮೇಲೆ ಜಾಹೀರಾತು.”

ಒಟ್ಟಿಗೆ ಐದಾರು ನಿಟ್ಟುಸಿರು ಕೇಳಿಸಿದವು. “ಥೂ ಅವನ” ಎಂದರು ಯಾರೋ. ಕಂಬದ ಕಡೆ ಕುಡುಗೋಲಿನ ಸದ್ದು ಮತ್ತೆ ಶುರುವಾಯಿತು, ಒಂದೇ ಸಮನೆ, ಇನ್ನು ಕೇಳಲು ಏನೂ ಇಲ್ಲ ಎಂಬಂತೆ.

ನಾನು ಏಳಬಹುದಿತ್ತು. ನಡೆದದ್ದನ್ನು ನಡೆದಂತೆ ಹೇಳಿಯಾಗಿತ್ತು. ಕಡೂರಿಗೆ ಬಸ್ಸಿತ್ತು. ಬಸ್ಸಿನ ನಂತರ ಶನಿವಾರಗಳಿದ್ದವು, ಆರು ಗಂಟೆಗಳಿದ್ದವು, ಬಾರದ ಫೋನಿತ್ತು.

“ಇಲ್ಲ” ಎಂದೆ. “ವಾಪಸ್ ಬರಲಿಲ್ಲ.”

ಕುಡುಗೋಲಿನ ಸದ್ದು ನಿಂತಿತು.

“ಬೆಲ್ ಒತ್ತಿದ. ಮೇಘನೇ ಬಾಗಿಲು ತೆಗೆದಳು. ಅವನಿಗೆ ಮಾತು ಬರಲ್ಲ. ಬರೆಯೋಕೆ ಬರುತ್ತೆ, ತಿದ್ದೋಕೆ ಬರುತ್ತೆ, ಎದುರಿಗೆ ನಿಂತು ಹೇಳೋಕೆ ಬರಲ್ಲ. ಆದರೂ ಹೇಳಿದ. ‘ನಾನು ಸರಿ ಇದ್ದೀನಾ ಅಂತ ನೋಡ್ಕೊಂಡೆ. ನಿಮಗೆ ಏನಾಗುತ್ತೆ ಅಂತ ನೋಡ್ಲಿಲ್ಲ. ಸಂಜೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಮಾಡ್ಲಿಲ್ಲ. ಯಾಕೆ ಅಂದ್ರೆ ಶನಿವಾರ ಬಿಟ್ಟು ಬೇರೆ ದಿನ ಫೋನ್ ಮಾಡಿದ್ರೆ ನನ್ನ ಧ್ವನೀಲಿ ನಿಮಗೆ ಗೊತ್ತಾಗಿಬಿಡುತ್ತೆ ಅಂತ ಭಯ ಇತ್ತು.’”

“ಏನು ಗೊತ್ತಾಗೋದು?” ಎಂದರು ಈಶ್ವರಮ್ಮ.

“ಸುಮ್ನೆ ಕೇಳೇ” ಎಂದರು ಓಬಮ್ಮ.

“‘ಐದು ತಿಂಗಳಿಂದ ನೀವು ಬರೆದದ್ದರಲ್ಲಿ ನಾನು ಕತ್ತರಿಸಿದ ಒಂದೊಂದು ವಾಕ್ಯಾನೂ ಎತ್ತಿಟ್ಕೊಂಡಿದೀನಿ. ಪೇಪರ್‌ಗೆ ಹಾಕಿದ್ದು ಎಲ್ಲರಿಗೂ. ಕತ್ತರಿಸಿದ್ದು ನನಗೆ ಅಂತ. ನಿಮ್ಮಿಂದ ನಾನು ನಗೋದು ಕಲ್ತೆ. ಅಳೋದೂ ಕಲ್ತೆ, ನೆಗಡಿ ಅಂತ ಸುಳ್ಳು ಹೇಳಿದೆ. ಅದಕ್ಕೆಲ್ಲ ಥ್ಯಾಂಕ್ಸ್ ಹೇಳೋಕೆ ಬಂದೆ. ಇನ್ಮೇಲೂ ಹೇಳ್ತಾ ಇರೋ ಹಾಗೆ, ಜೊತೇಲಿ ಇರೋಕೆ ಒಪ್ತೀರಾ ಅಂತ ಕೇಳೋಕೂ ಬಂದೆ.’”

ಹೊರಗೆ ಯಾವುದೋ ಟ್ರ್ಯಾಕ್ಟರು ಹಿಮ್ಮುಖವಾಗಿ ಬರುತ್ತಿತ್ತು.

“ನಂದೀಶ ಬ್ಯಾಂಕಲ್ಲಿ ತಾನೇ ಇರೋದು?” ಎಂದು ಈಶ್ವರಮ್ಮ ಮೆಲ್ಲಗೆ ಕೇಳಿದರು. “ಅವನ್ಯಾಕೆ ವಾಕ್ಯ ಕತ್ತರಿಸ್ತಾನೆ?”

ಓಬಮ್ಮ ಅವರ ತೊಡೆಗೆ ಒಂದು ಕೊಟ್ಟರು.

ವಿದ್ಯಾಶ್ರೀ ನನ್ನ ಕಡೆ ತಿರುಗಿದಳು. ಈ ಸಲ ನೇರವಾಗಿ, ಕಣ್ಣಿಗೆ ಕಣ್ಣಿಟ್ಟು.

“ಇದು ಸೀರಿಯಲ್‌ನಲ್ಲಿ ಬಂತಾ?”

“ಇಲ್ಲ.”

“ಸೇರಿಸಿದ್ರಾ?”

“ಹ್ಞೂಂ. ಆದ್ರೆ ಒಂದಕ್ಷರಾನೂ ಸುಳ್ಳಲ್ಲ.”

ಅವಳು ಕುಡುಗೋಲು ಕೆಳಗಿಟ್ಟಳು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ, ಈರುಳ್ಳಿಯ ಕೈಯೇ ತಾಗಿ, ಇನ್ನಷ್ಟು ನೀರು ಬಂತು. ನಗುತ್ತಲೇ ಹೇಳಿದಳು.

“ನಮ್ಮ ಅಭಿಪ್ರಾಯ ಬರ್ಕೊಳಿ. ಡೈಲಾಗ್ ಉದ್ದ ಆಯ್ತು. ಹೀರೋಗೆ ಅಭಿನಯ ಬರಲ್ಲ, ಕೈ ಎಲ್ಲಿ ಇಟ್ಕೋಬೇಕು ಅಂತಾನೇ ಗೊತ್ತಿಲ್ಲ. ‘ಬಂದೆ’ ಅನ್ನೋ ಮಾತು ಎರಡು ಸಲ ಬಂತು, ಒಂದು ಸಾಕಿತ್ತು.” ನಿಲ್ಲಿಸಿದಳು. “ಆದ್ರೆ ಬಾಗಿಲವರೆಗೆ ಬಂದು ವಾಪಸ್ ಹೋಗ್ಲಿಲ್ಲ. ಅದು ನಮಗೆ ಹಿಡಿಸ್ತು.”

“ನಮಗೆ ಅಂದ್ರೆ ಯಾರ್ಯಾರು?”

“ಹದಿನಾಲ್ಕು ಜನ” ಎಂದಳು. ಮತ್ತೆ, ಅಷ್ಟು ಸಣ್ಣಗೆ ಕಂಬವೂ ಕೇಳಿಸಿಕೊಳ್ಳದಂತೆ, “ನನಗೆ” ಎಂದಳು.

ಆ ವಾರದ ‘ಸಮೀಪ’ದ ಎರಡನೇ ಪುಟದಲ್ಲಿ ಒಂದು ಸಣ್ಣ ಸುದ್ದಿ ಬಂತು. ಸೊಸೆಯ ಪರೀಕ್ಷೆಗೆ ಬುತ್ತಿ ಹಿಡಿದು ಓಡಿದ ಅಜ್ಜಂಪುರದ ಓಬಮ್ಮನವರ ಸುದ್ದಿ. ಅವರನ್ನೂ ಅಕ್ಷತಾಳನ್ನೂ ಬಸ್ಸಿನ ಕಂಡಕ್ಟರನ್ನೂ ಮಾತಾಡಿಸಿಯೇ ಬರೆದೆ. ಚಿತ್ರಾನ್ನವೇ ಎಂದು ಎರಡು ಸಲ ಕೇಳಿದೆ.

ಆದರೆ ಆ ಸೋಮವಾರ ಸಂಜೆಯ ಒಂದು ಸಂಗತಿ ಎಲ್ಲೂ ಅಚ್ಚಾಗಿಲ್ಲ. ಕೆಲಸ ಬಿಟ್ಟ ಮೇಲೆ ಇಬ್ಬರೂ ಅಜ್ಜಂಪುರ ಸ್ಟೇಷನ್ನಿಗೆ ನಡೆದೆವು. ಶಿವನಿಯ ಕಡೆಯ ಗಾಡಿ ಬಂತು. ಅವಳು ಹತ್ತಿದಳು. ನಾನೂ ಹತ್ತಿದೆ.

“ಸಾರ್, ಬೀರೂರು ಆ ಕಡೆ.”

“ಗೊತ್ತು. ‘ಸಾರ್’ ಬಿಡಿ ಇನ್ನು.”

“ಏನಂತ ಕರೀಲಿ?”

“ಶನಿವಾರದೊಳಗೆ ಯೋಚನೆ ಮಾಡಿ ಹೇಳಿ.”

ಅವಳು ಕಿಟಕಿಯ ಹೊರಗೆ ನೋಡಿದಳು. ಹೊರಗೆ ಕಿತ್ತು ಮುಗಿದ ಈರುಳ್ಳಿ ಹೊಲಗಳು, ಅಲ್ಲಲ್ಲಿ ತೆಂಗು, ಇಳಿಬಿಸಿಲು. ಅವಳ ನಗು ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಚೀಲದಿಂದ ಫೋನು ತೆಗೆದು ಮನೆಗೆ ಮಾಡಿದಳು.

“ಅಮ್ಮಾ, ಅಕ್ಕಿ ಒಂದು ಪಾವು ಜಾಸ್ತಿ ಹಾಕು. ಒಬ್ರು ಬತ್ತಾವ್ರೆ.”

ಆ ಕಡೆಯಿಂದ ಹಾಲಮ್ಮನವರ ಧ್ವನಿ ನನಗೂ ಕೇಳಿಸಿತು. “ಯಾರೇ? ಎಂಥಕ್ಕೆ?”

ವಿದ್ಯಾಶ್ರೀ ನನ್ನ ಮುಖ ನೋಡಿದಳು. ನೋಡುತ್ತಲೇ ಫೋನನ್ನು ನನ್ನ ಕೈಗೆ ಕೊಟ್ಟಳು.